ಲಕೋಟೆಯ ಮೇಲಿನ 1,320 ರೂಪಾಯಿ

2019ರ ಅಕ್ಟೋಬರ್, ಒಂದು ಭಾನುವಾರ ಬೆಳಗ್ಗೆ. ದೀಪಾವಳಿಗೆ ಇನ್ನೂ ಎರಡು ವಾರ ಇತ್ತು. ನಮ್ಮ ಓಣಿಯ ಮಿಸ್ತ್ರಿ ಕಾಕಾ ಮನೆಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಆಧಾರ್ ಕಾರ್ಡು, ಬ್ಯಾಂಕ್ ಪುಸ್ತಕ, ಜೊತೆಗೆ ಪಿಎಫ್ ಸದಸ್ಯರ 12 ಅಂಕಿಯ ಯುಎಎನ್ ನಂಬರ್ ಬರೆದ ಚೀಟಿ.

“ತಮ್ಮಾ, ಮಗಳ ಲಗ್ನ ಮಾಘದಾಗ ಇಟ್ಕೊಂಡೀವಿ. ಪಿಎಫ್‌ದಾಗಿನ ರೊಕ್ಕ ಸ್ವಲ್ಪ ತೆಗದುಕೊಡು.”

ನಾನು ಲ್ಯಾಪ್‌ಟಾಪ್ ತೆಗೆಯಲಿಲ್ಲ. “ಮೊದಲ ಚಾ ಕುಡೀರಿ ಕಾಕಾ” ಅಂದೆ. ಪಿಎಫ್ ಪಾಸ್‌ಬುಕ್ ತೆರೆದರೆ ಏನು ಕಾಣುತ್ತದೆ ಅನ್ನೋದು ನನಗೆ ಎರಡು ವರ್ಷದಿಂದ ಗೊತ್ತಿತ್ತು.

ಈ ಪ್ರಕರಣದಲ್ಲಿ ನಾನು ಹೊರಗಿನವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿಯಲ್ಲಿ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ನನ್ನ ಕೆಲಸ. ಸಣ್ಣಪುಟ್ಟ ಮಿಲ್ಲು, ಅಂಗಡಿ, ಕಾರ್ಖಾನೆಗಳ ಪಿಎಫ್, ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಲೆಕ್ಕ ನೋಡುವುದು. ಮಿಸ್ತ್ರಿ ಕಾಕಾ ಕೆಲಸ ಮಾಡುತ್ತಿದ್ದ ದಾಲ್ ಮಿಲ್ಲಿನ ಲೆಕ್ಕವೂ ನಮ್ಮಲ್ಲೇ ಇತ್ತು. ತಿಂಗಳಾದ ಮೇಲೆ ಮಿಲ್ಲಿನ ಲೆಕ್ಕ ಬರೆಯುವ ಮುನೀಮರು ಹಾಜರಿ ಕಳಿಸುತ್ತಿದ್ದರು. ನಾನು ಫೈಲ್ ಮಾಡಿ, ಪಿಎಫ್ ಜಾಲತಾಣಕ್ಕೆ ಹಾಕಿ, ಚಲನ್ ತೆಗೆದು ವಾಟ್ಸಾಪ್ ಮಾಡುತ್ತಿದ್ದೆ. 15ನೇ ತಾರೀಖಿನೊಳಗೆ ಕಟ್ಟಬೇಕು. ಕಟ್ಟಿದರೆ ಚಲನ್ ಮುಂದೆ ‘ಪಾವತಿಯಾಗಿದೆ’ ಅಂತ ಬೀಳುತ್ತದೆ. 2017ರ ಜೂನ್ ತಿಂಗಳ ಪಗಾರದಿಂದ ಅದು ಬೀಳಲೇ ಇಲ್ಲ. ಮೂರು ತಿಂಗಳು ನೋಡಿ ನಮ್ಮ ಸರ್‌ಗೆ ಹೇಳಿದೆ. “ನಾವು ಚಲನ್ ಮಾಡೋರು, ವಸೂಲಿ ಮಾಡೋರಲ್ಲ” ಅಂದರು. ಹೌದಲ್ವಾ ಅಂತ ನನಗೂ ಅನಿಸಿತು. ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟೆ.

ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ, ಮಿಲ್ಲಿನದ್ದೂ ಇಲ್ಲ.

ಸಾವ್ಕಾರ್ರು ಎಂಥವರು

ತೊಗರಿ ಕಣಜ ಅನ್ನಿಸಿಕೊಂಡ ಊರಿನಲ್ಲಿ ದಾಲ್ ಮಿಲ್ಲಿಗೇನು ಕಡಿಮೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಪಟ್ಟವೂ ಸಿಕ್ಕಿತು. ಈ ಮಿಲ್ಲು ಕಪನೂರು ಕೈಗಾರಿಕಾ ಪ್ರದೇಶದ ಕಡೆ ಇದೆ. ಲೆಕ್ಕದ ಪುಸ್ತಕದಲ್ಲಿ 27 ಜನ. ಸೀಸನ್ನಿಗೆ ಬರುವ ಹಮಾಲರು ಬೇರೆ. 20 ಜನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಪಿಎಫ್ ಕಾಯ್ದೆಯೊಳಗೆ ಬರಬೇಕು. ಈ ಮಿಲ್ಲು 2011ರ ಏಪ್ರಿಲ್‌ನಲ್ಲಿ ಬಂತು. ಮಿಸ್ತ್ರಿ ಕಾಕಾ 2003ರಿಂದಲೇ ಅಲ್ಲಿದ್ದರು. ರೋಲರ್ ಸವೆದದ್ದು, ಜರಡಿಯ ಸದ್ದು ಬದಲಾದದ್ದು ಎಲ್ಲ ಅವರ ಕಿವಿಗೇ ಮೊದಲು ತಿಳಿಯುತ್ತಿತ್ತು. ಬೇಳೆಯಲ್ಲಿ ನುಚ್ಚು ಜಾಸ್ತಿ ಬಂದರೆ ಮಿಲ್ಲಿನ ಮಾಲೀಕರು, ಅಂದರೆ ಸಾವ್ಕಾರ್ರು, ಯಾರನ್ನೂ ಬೈಯುತ್ತಿರಲಿಲ್ಲ, “ಮಿಸ್ತ್ರಿನ್ನ ಕರೀರಿ” ಅನ್ನುತ್ತಿದ್ದರು, ಅಷ್ಟೇ.

ಸಾವ್ಕಾರ್ರು ಕೆಟ್ಟವರಲ್ಲ. ಹಾಗಂದುಕೊಂಡು ಓದಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ. 2009ರಲ್ಲಿ ಕಾಕಾನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ರಾತ್ರಿ ಒಂದು ಗಂಟೆಗೆ ತಮ್ಮ ಕಾರು ಕಳಿಸಿದ್ದರು. ಆಸ್ಪತ್ರೆಯಲ್ಲಿ 15 ಸಾವಿರ ತಾವೇ ಕಟ್ಟಿ, ಕೊನೆಗೆ ಅದನ್ನು ಕೇಳಲೂ ಇಲ್ಲ. ಶರಣಬಸವೇಶ್ವರ ಜಾತ್ರೆಗೆ ಎಲ್ಲರಿಗೂ ಬಟ್ಟೆ. ಪಗಾರ ಎಂದೂ 7ನೇ ತಾರೀಖು ದಾಟಿದ್ದಿಲ್ಲ.

ಪಗಾರ ಕೊಡುವ ರೀತಿ ಹಳೆಯದು. ಕಂದು ಬಣ್ಣದ ಲಕೋಟೆ. ಅದರ ಮೇಲೆ ಮುನೀಮರು ನೀಲಿ ಪೆನ್ನಿನಲ್ಲಿ ಲೆಕ್ಕ ಬರೆಯುತ್ತಿದ್ದರು: ಒಟ್ಟು 14,200. ಪಿಎಫ್ 1,320. ಇಎಸ್‌ಐ ಇಷ್ಟು. ಕೈಗೆ ಇಷ್ಟು. ಕೆಳಗೆ ತಾರೀಖು. ಪಿಎಫ್ ಲೆಕ್ಕಕ್ಕೆ ಹಿಡಿದ ಪಗಾರ 11,000. ಅದರ ಶೇ. 12 ಅಂದರೆ 1,320. ಅಷ್ಟನ್ನೇ ಮಾಲೀಕರೂ ತಮ್ಮ ಕೈಯಿಂದ ಹಾಕಬೇಕು. ಅವರ ಪಾಲಿನಲ್ಲಿ ಶೇ. 8.33 ಪಿಂಚಣಿಗೆ ಹೋಗುತ್ತದೆ, ಉಳಿದದ್ದು ಪಿಎಫ್‌ಗೆ.

ನಿಂತದ್ದು ಯಾಕೆ? ತೊಗರಿಯಿಂದ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ಎಲ್ಲರಿಗೂ ನೆನಪಿರಬೇಕು. ಆ ದರ ನೋಡಿ ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಕೈಕೊಡಲಿಲ್ಲ. ದೇಶದ ಬೆಳೆ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಹೊರಗಿನಿಂದ ತರಿಸಿದ್ದು ಬೇರೆ. 2016–17ರ ಮಾಲು ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಬಂದಾಗ ದರ ಕ್ವಿಂಟಾಲಿಗೆ 5,050ರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ರೈತರು ಬೀದಿಗೆ ಬಂದರು. ಹಳೆಯ ದರದಲ್ಲಿ ಮಾಲು ತುಂಬಿಕೊಂಡಿದ್ದ ಮಿಲ್ಲಿನವರು ಬೀದಿಗೆ ಬರಲಿಲ್ಲ, ಆದರೆ ಬ್ಯಾಂಕಿನ ಮುಂದೆ ಕೈಕಟ್ಟಿ ನಿಂತರು. ನಮ್ಮ ಸಾವ್ಕಾರ್ರೂ ನಿಂತರು.

ಬ್ಯಾಂಕಿನ ಕಂತು ತಪ್ಪಿದರೆ ಮರುದಿನ ಫೋನ್ ಬರುತ್ತದೆ. ಕರೆಂಟ್ ಬಿಲ್ ಕಟ್ಟದಿದ್ದರೆ ಮಿಲ್ಲೇ ನಿಲ್ಲುತ್ತದೆ. ಪಗಾರ ತಪ್ಪಿದರೆ ಹಮಾಲರು ಪಕ್ಕದ ಮಿಲ್ಲಿಗೆ ಹೋಗುತ್ತಾರೆ. ಇಎಸ್‌ಐ ಬಿಟ್ಟರೆ ಯಾರೋ ಒಬ್ಬರು ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಿಂದ ವಾಪಸ್ ಬಂದು ಗೇಟಿನಲ್ಲಿ ಗಲಾಟೆ ಮಾಡುತ್ತಾರೆ. ಪಿಎಫ್ ಒಂದನ್ನು ಕಟ್ಟದೆ ಬಿಟ್ಟರೆ ಏನೂ ಆಗುವುದಿಲ್ಲ. ಯಾರೂ ಕೇಳುವುದಿಲ್ಲ. 27 ಜನರದ್ದು, ಎರಡೂ ಪಾಲು ಸೇರಿ ತಿಂಗಳಿಗೆ ಸುಮಾರು 65 ಸಾವಿರ. 28 ತಿಂಗಳಿಗೆ 18 ಲಕ್ಷ. ಎರಡು ದೊಡ್ಡ ಲಾರಿ ತೊಗರಿಯ ದುಡ್ಡು. ಇಎಸ್‌ಐ ಅನ್ನು ಅವರು ಒಂದು ತಿಂಗಳೂ ತಪ್ಪಿಸಿರಲಿಲ್ಲ ಅನ್ನೋದನ್ನು ನಾನು ಆಮೇಲೆ ಗಮನಿಸಿದೆ.

ಅವರದೇ ರೊಕ್ಕ, ಅವರಿಗೇ ಸಾಲ

ಚಾ ಮುಗಿಯಿತು. ಪಾಸ್‌ಬುಕ್ ತೆರೆದೆ. ಕೊನೆಯ ಸಾಲು 2017ರ ಮೇ ತಿಂಗಳದ್ದು. ಅದರ ಕೆಳಗೆ ಬಡ್ಡಿ ಬಿಟ್ಟರೆ ಏನೂ ಇಲ್ಲ. ಕಾಕಾ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

“ಮುಂದಿನ ಪೇಜ್ ತೆಗಿ.”

“ಮುಂದಿನ ಪೇಜ್ ಇಲ್ಲರಿ ಕಾಕಾ.”

“ಕಂಪ್ಯೂಟರ್‌ದಾಗ ಏನರ ತಪ್ಪ ಆಗಿರಬೇಕು. ನಮ್ಮ ಸಾವ್ಕಾರ್ರು ಅಂಥಾವ್ರಲ್ಲ.”

ಅವರು ಅಂದದ್ದು ಇಷ್ಟೇ. ನಾನು ಆಗಲೇ ನಿಜ ಹೇಳಬೇಕಿತ್ತು, ಹೇಳಲಿಲ್ಲ. “ಒಮ್ಮೆ ಮುನೀಮರನ್ನ ಕೇಳಿ ನೋಡ್ರಿ” ಅಂದೆ.

ಇದ್ದ ದುಡ್ಡಾದರೂ ತೆಗೆಯೋಣ ಅಂದರೆ ಅಲ್ಲೂ ಕಗ್ಗಂಟು. ಮಗಳ ಮದುವೆಗೆ ತೆಗೆಯಲು ಆಗಿನ ನಿಯಮದ ಪ್ರಕಾರ 7 ವರ್ಷ ಸದಸ್ಯರಾಗಿರಬೇಕಿತ್ತು, ತನ್ನ ಪಾಲಿನ ಅರ್ಧ ಸಿಗುತ್ತಿತ್ತು. ಕಾಕಾಗೆ 8 ವರ್ಷ ಆಗಿತ್ತು. ಆದರೆ ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿಸಿ ಬರೆದಿತ್ತು, ಪಿಎಫ್‌ನಲ್ಲಿ ಬರೀ ಇವರ ಹೆಸರು. ಅದನ್ನು ಸರಿಮಾಡಲು ಆಗ ಕೆಲಸಗಾರ, ಮಾಲೀಕ ಇಬ್ಬರ ಸಹಿ ಬೇಕಿತ್ತು. ಬ್ಯಾಂಕ್ ಖಾತೆ ಜೋಡಿಸಲೂ ಮಾಲೀಕರೇ ಒಪ್ಪಿಗೆ ಒತ್ತಬೇಕಿತ್ತು. ಅಂದರೆ ಮಾಲೀಕರನ್ನು ನಂಬದವನೂ ತನ್ನ ದುಡ್ಡಿಗಾಗಿ ಅವರ ಬಾಗಿಲಿಗೇ ಹೋಗಬೇಕಿತ್ತು.

ಕಾಕಾ ಹೋದರು. ಪಿಎಫ್ ಮಾತು ಎತ್ತಲಿಲ್ಲ. ಮಗಳ ಲಗ್ನ ಅಂದರು. ಸಾವ್ಕಾರ್ರು ಡ್ರಾವರ್ ಎಳೆದು 40 ಸಾವಿರ ಎಣಿಸಿ ಕೊಟ್ಟರು. “ಬಡ್ಡಿಗಿಡ್ಡಿ ಏನಿಲ್ಲ, ತಿಂಗಳಿಗೆ ಎರಡ ಸಾವಿರ ಕಟ್ ಮಾಡ್ಸಿಕೊ. ಮಗಳ ಲಗ್ನ ಛಲೋ ಮಾಡು.” ಕಾಕಾ ಅಲ್ಲೇ ಕಣ್ಣು ಒರೆಸಿಕೊಂಡರಂತೆ.

ಸಂಜೆ ನನ್ನ ಮುಂದೆ ಆ ಕಂತೆ ಇಟ್ಟು, “ನೋಡಪಾ, ಹಿಂಗ ಕೊಡೋ ಸಾವ್ಕಾರ ಯಾರದಾರ ಕಲಬುರ್ಗಿದಾಗ?” ಅಂದರು. ನಾನು ಒಂದು ಕಾಗದದ ಮೇಲೆ ಬರೆದೆ. 1,320 ಗುಣಿಸು 28. ಬಂದದ್ದು 36,960. ಇದು ಕಾಕಾನ ಪಗಾರದಲ್ಲೇ ಕಡಿದ ದುಡ್ಡು, ಮಾಲೀಕರ ಪಾಲು ಇದರಲ್ಲಿ ಸೇರಿಲ್ಲ. ಅದನ್ನೂ ಸೇರಿಸಿದರೆ 73,920.

“ಅವರು ನಿಮಗ ಕೊಟ್ಟ 40 ಸಾವಿರದಾಗ 36,960 ನಿಮ್ದೇ ಅವ ಕಾಕಾ. ನಿಮ್ಮ ರೊಕ್ಕ ನಿಮಗ ಸಾಲ ಕೊಟ್ಟು, ಮತ್ತ ನಿಮ್ಮ ಪಗಾರದಾಗೇ ಕಟ್ ಮಾಡ್ತಾರ.”

ಅವರು ಕಾಗದ ನೋಡಿದರು. ಸಿಟ್ಟಾದರು, ಆದರೆ ನನ್ನ ಮೇಲೆ. “ನೀ ಲೆಕ್ಕ ಕಲ್ತೀದಿ, ಮನಷ್ಯಾರನ್ನ ಕಲ್ತಿಲ್ಲ” ಅಂದು ಎದ್ದು ಹೋದರು. ಅವರು ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೊಟ್ಟ ಕೈ ಕೊಟ್ಟದ್ದೇ. ಆ ರಾತ್ರಿ ಒಂದು ಗಂಟೆಗೆ ಬಂದ ಕಾರೂ ನಿಜ. ಈ ಉಪಕಾರದ ಲೆಕ್ಕ ಎಲ್ಲೂ ಬರೆದಿಡದಿದ್ದರೂ ಕಾಕಾ ಹತ್ತು ವರ್ಷದಿಂದ ಅದನ್ನು ತೀರಿಸುತ್ತಲೇ ಇದ್ದರು. ತೀರಿಸುತ್ತಿದ್ದ ರೀತಿ ಒಂದೇ: ಏನನ್ನೂ ಕೇಳದೆ ಇರುವುದು. ಉಪ್ಪು ತಿಂದ ಮನೆಯಲ್ಲಿ ಲೆಕ್ಕ ಕೇಳಬಾರದು ಅನ್ನೋದು ನಮ್ಮ ಕಡೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮರುದಿನ ಕಾಕಾನ ಹೆಂಡತಿ ಬಂದರು. ಸೆರಗಿನಲ್ಲಿ ಒಂದು ಕಟ್ಟು. ರಬ್ಬರ್ ಬ್ಯಾಂಡ್ ಹಾಕಿದ ಕಂದು ಲಕೋಟೆಗಳು. ಜೋಳದ ಡಬ್ಬಿಯ ಹಿಂದೆ ಇಟ್ಟಿದ್ದರಂತೆ. “ಇವು ಏನರ ಕೆಲಸಕ್ಕ ಬರ್ತಾವೇನು ನೋಡಪಾ. ಅವ್ರಿಗೆ ಸಾವ್ಕಾರ್ರ ಮ್ಯಾಲ ಭಾಳ ವಿಶ್ವಾಸ. ನನಗೂ ಅದ. ಖರೆ ಕಡದ ರೊಕ್ಕ ಎಲ್ಲಿ ಹೋತು ಅನ್ನೋದು ಗೊತ್ತಾಗಬೇಕಲ್ಲ?”

ಎಣಿಸಿದೆ. 26 ಇದ್ದವು. 2017ರ ನವೆಂಬರ್ ಮತ್ತು ಡಿಸೆಂಬರ್ ಸಿಗಲಿಲ್ಲ. ಹಾಲಿನವನ ಲೆಕ್ಕ ಬರೆಯಲು ತಗೊಂಡಿರಬೇಕು ಅಂದರು.

ಕೇಳಿದ್ದು

ಆ ಹೊತ್ತಿಗೆ ನಾನೂ ನನ್ನ ಬಾಯಿ ಬಿಡಬೇಕಾಯಿತು. ಎರಡು ವರ್ಷದಿಂದ ಗೊತ್ತಿತ್ತು ಅಂತ ಕಾಕಾಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನೀನರ ಹೇಳಬೇಕಿತ್ತಲ್ಲೋ ತಮ್ಮಾ” ಅಂದರು. ಸಾವ್ಕಾರ್ರ ಬಗ್ಗೆ ಆಗದಷ್ಟು ಬೇಜಾರು ಅವರಿಗೆ ನನ್ನ ಬಗ್ಗೆ ಆಯಿತು ಅಂತ ಕಾಣುತ್ತದೆ. ಅದು ಸರಿಯಾಗಿಯೇ ಇತ್ತು.

ಒಬ್ಬರೇ ಹೋಗಬೇಡಿ ಅಂತ ಹೇಳಿದ್ದು ನಾನು. ಒಬ್ಬರೇ ಕೇಳಿದರೆ ಅದು ಅನುಮಾನ, ಜಗಳ. ಏಳೆಂಟು ಜನ ಕೇಳಿದರೆ ಲೆಕ್ಕ. ಏಳು ಜನ ಊಟದ ಬಿಡುವಿನಲ್ಲಿ ಹೋದರು. ಕಾಕಾ ಹಿಂದೆ ನಿಂತಿದ್ದರು.

ಸಾವ್ಕಾರ್ರು ಸುಳ್ಳು ಹೇಳಲಿಲ್ಲ. “ಹೌದು, ಕಟ್ಟಿಲ್ಲ. ಮಾಲಿನಾಗ ಎಷ್ಟ ಹೋಗ್ಯದ ಅನ್ನೋದು ನಿಮಗೂ ಗೊತ್ತದ. ಸಂಕ್ರಾಂತಿಗೆ ಹೊಸ ತೊಗರಿ ಬರ್ತದ, ಪೂರಾ ಕಟ್ತೀನಿ.” ಆಮೇಲೆ ಹಿಂದೆ ನಿಂತಿದ್ದ ಕಾಕಾನ ಕಡೆ ನೋಡಿ, “ಮಿಸ್ತ್ರಿ, ನಿನಗೂ ನನ್ನ ಮ್ಯಾಲ ನಂಬಿಕಿ ಇಲ್ಲೇನು?” ಅಂದರು. ಆ ಮಾತಿಗೆ ಏಳೂ ಜನ ತಲೆ ತಗ್ಗಿಸಿ ಹೊರಗೆ ಬಂದರು. ಕೇಳಲು ಹೋದವರು ತಪ್ಪು ಮಾಡಿದವರ ಹಾಗೆ.

ಆ ಪ್ರಶ್ನೆಯನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಅದಕ್ಕೆ ‘ಇದೆ’ ಅಂದರೆ ದುಡ್ಡು ಹೋಯಿತು, ‘ಇಲ್ಲ’ ಅಂದರೆ ಕೆಲಸ ಹೋಯಿತು. ನಂಬಿಕೆ ಅನ್ನೋದು ಇಡೀ ಮನುಷ್ಯನ ಮೇಲೆ ಒಟ್ಟಿಗೆ ಇಡುವ ವಸ್ತು ಅಂದುಕೊಂಡರೆ ಹೀಗೇ ಸಿಕ್ಕಿಬೀಳುತ್ತೇವೆ. ಕಾಕಾ ಸಾವ್ಕಾರ್ರನ್ನು ಆಸ್ಪತ್ರೆಯ ರಾತ್ರಿಗೆ ನಂಬಬಹುದಿತ್ತು, 7ನೇ ತಾರೀಖಿನ ಪಗಾರಕ್ಕೆ ನಂಬಬಹುದಿತ್ತು. ಎರಡೂ ಕಣ್ಣೆದುರು ನಡೆಯುವಂಥವು. ಹತ್ತಿಪ್ಪತ್ತು ವರ್ಷದ ನಂತರ ಕೈಗೆ ಬರುವ, ಇವತ್ತು ಯಾರೂ ನೋಡದ ದುಡ್ಡಿಗೆ ಅದೇ ನಂಬಿಕೆಯನ್ನು ಎಳೆದು ಹೊದಿಸಿದ್ದೇ ತಪ್ಪು. ಅದು ಕಾಕಾನ ಒಬ್ಬರ ತಪ್ಪಲ್ಲ. 27 ಜನರಲ್ಲಿ ಒಬ್ಬರೂ ಒಮ್ಮೆಯೂ ಪಾಸ್‌ಬುಕ್ ನೋಡಿರಲಿಲ್ಲ.

ಕಾನೂನಿಗೆ ಮಾತ್ರ ಈ ವಿಷಯದಲ್ಲಿ ಗೊಂದಲವಿಲ್ಲ. ಪಗಾರದಲ್ಲಿ ಕಡಿದ ಪಿಎಫ್ ದುಡ್ಡು ಮಾಲೀಕರ ಕೈಯಲ್ಲಿ ಇರುವಷ್ಟು ಹೊತ್ತು, ನಂಬಿ ಅವರಿಗೆ ಒಪ್ಪಿಸಿದ ದುಡ್ಡು ಅಂತ ಆಗಿನ ದಂಡ ಸಂಹಿತೆಯ 405ನೇ ಕಲಂನಲ್ಲೇ ವಿವರಿಸಿದ್ದರು. 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂನಲ್ಲೂ ಅದು ಇದೆ. ಕಟ್ಟದಿದ್ದರೆ ಆ ಅಪರಾಧದ ಹೆಸರೇ ನಂಬಿಕೆ ದ್ರೋಹ. ಇದನ್ನು ಕಾಕಾಗೆ ಓದಿ ಹೇಳಿದೆ. “ಅಷ್ಟ ದೊಡ್ಡ ಮಾತ ಬ್ಯಾಡ” ಅಂದರು.

ಸಂಕ್ರಾಂತಿಗೆ ಆರು ತಿಂಗಳದ್ದು ಕಟ್ಟಿದರು. ಉಳಿದದ್ದು ಯುಗಾದಿಗೆ ಅಂದರು. ಮಗಳ ಲಗ್ನ ಆಯಿತು, ಸಾವ್ಕಾರ್ರು ಹೆಂಡತಿ ಸಮೇತ ಬಂದು ಮೊದಲ ಪಂಕ್ತಿಯಲ್ಲಿ ಕೂತು ಉಂಡರು.

ದೂರು, ಲಾಕ್‌ಡೌನ್, ಆದೇಶ

ಫೆಬ್ರವರಿಯಲ್ಲಿ ಪ್ಯಾಕಿಂಗ್ ವಿಭಾಗದ ಒಬ್ಬ ಹುಡುಗ ಕೆಲಸ ಬಿಟ್ಟು ಪುಣೆಗೆ ಹೋದ. ಹೋಗುವ ಮೊದಲು ಮೊಬೈಲಿನಲ್ಲೇ ಪಿಎಫ್ ಇಲಾಖೆಗೆ ದೂರು ಹಾಕಿದ. ಅವನಿಗೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಮಿಲ್ಲಿನಲ್ಲಿ ಉಳಿದವರು ಅವನನ್ನು ಬಾಯಿಗೆ ಬಂದಂತೆ ಬೈದರು. ಕಾಕಾ ಕೂಡ.

ಅಷ್ಟರಲ್ಲಿ ಮಾರ್ಚ್ ಬಂತು. ದೇಶದ ಮೊದಲ ಕೊರೊನಾ ಸಾವು ನಮ್ಮ ಊರಿನವರದ್ದೇ. ಉಳಿದ ಕಡೆಗಿಂತ ಮುಂಚೆಯೇ ಕಲಬುರಗಿ ಬಾಗಿಲು ಹಾಕಿಕೊಂಡಿತು. ಆ ಎರಡು ತಿಂಗಳು ಸಾವ್ಕಾರ್ರು ಎಲ್ಲರಿಗೂ ಪೂರ್ತಿ ಪಗಾರ ಕೊಟ್ಟರು. ಜೊತೆಗೆ ಮನೆಗೊಂದು ಚೀಲ ಜೋಳ, ಐದು ಕಿಲೋ ಬೇಳೆ. ಕಾಕಾನ ಅಡ್ವಾನ್ಸ್ ಕಂತನ್ನೂ ಆ ಎರಡು ತಿಂಗಳು ಕಡಿಯಲಿಲ್ಲ. ಅದೇ ಹೊತ್ತಿನಲ್ಲಿ ಎಷ್ಟೋ ದೊಡ್ಡ ಕಂಪನಿಗಳು, ಪಿಎಫ್ ಎಲ್ಲ ಕ್ರಮವಾಗಿ ಕಟ್ಟುವಂಥವು, ಒಂದು ಇಮೇಲ್ ಕಳಿಸಿ ಜನರನ್ನು ಮನೆಗೆ ಕಳಿಸಿದವು. ಬಾಗಿಲಲ್ಲಿ ನಿಂತೇ ಕಾಕಾ ನನಗೆ ಕೇಳುವಂತೆ ಅಂದರು: “ನಾ ಹೇಳಿದ್ದಿಲ್ಲೇನು?” ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ.

ದೂರು ಮಾತ್ರ ತನ್ನ ಪಾಡಿಗೆ ಸಾಗಿತ್ತು. ಪಿಎಫ್ ಕಾಯ್ದೆಯ 7ಎ ಕಲಂ ಪ್ರಕಾರ ವಿಚಾರಣೆ. ಮಿಲ್ಲಿನವರು ಹಾಜರಿ ಪುಸ್ತಕ, ಪಗಾರ ಪುಸ್ತಕ ತಂದು ತೋರಿಸಬೇಕು, ಅಧಿಕಾರಿ ಬಾಕಿ ಎಷ್ಟು ಅಂತ ತೀರ್ಮಾನಿಸುತ್ತಾರೆ. ತಾರೀಖಿನ ಮೇಲೆ ತಾರೀಖು ಬಿದ್ದು 2021ರಲ್ಲಿ ಆದೇಶ ಬಂತು. ಬಾಕಿಯ ಮೇಲೆ ವರ್ಷಕ್ಕೆ ಶೇ. 12 ಬಡ್ಡಿ. ಆರು ತಿಂಗಳಿಗಿಂತ ಜಾಸ್ತಿ ತಡವಾದರೆ ಆಗಿನ ದರದಲ್ಲಿ ವರ್ಷಕ್ಕೆ ಶೇ. 25 ದಂಡ ಬೇರೆ. ಎರಡೂ ಸೇರಿ ಶೇ. 37. ಬಡ್ಡಿಯಿಲ್ಲದ ಸಾಲ ಅಂದುಕೊಂಡು ಕೆಲಸಗಾರರ ದುಡ್ಡು ತಿರುಗಿಸಿದವರಿಗೆ ಅದು ಬ್ಯಾಂಕಿಗಿಂತ ಎಷ್ಟೋ ದುಬಾರಿಯ ಸಾಲವಾಗಿತ್ತು. (2024ರಲ್ಲಿ ಈ ದಂಡವನ್ನು ತಿಂಗಳಿಗೆ ಶೇ. 1ಕ್ಕೆ ಇಳಿಸಿದ್ದಾರೆ. ಅದು ಯಾರಿಗೆ ಅನುಕೂಲ ಅಂತ ಬೇರೆ ಹೇಳಬೇಕಾಗಿಲ್ಲ.) ಸಾವ್ಕಾರ್ರು ಊರಾಚೆಯ ಒಂದು ಪ್ಲಾಟ್ ಮಾರಿ ಕಟ್ಟಿದರು.

ಇನ್ನೊಂದು ವಿಷಯ ಯಾರ ತಲೆಗೂ ಬಂದಿರಲಿಲ್ಲ. ಪಿಎಫ್ ಸದಸ್ಯರು ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಮನೆಯವರಿಗೆ ವಿಮೆಯ ದುಡ್ಡು ಬರುತ್ತದೆ. 2019ರಲ್ಲಿ ಅದು ಹೆಚ್ಚೆಂದರೆ 6 ಲಕ್ಷ, 2021ರಿಂದ 7 ಲಕ್ಷ. ಅದರ ಕಂತನ್ನೂ ಮಾಲೀಕರೇ ಅದೇ ಚಲನ್‌ನಲ್ಲಿ ಕಟ್ಟುವುದು. ಚಲನ್ ನಿಂತ 28 ತಿಂಗಳಲ್ಲಿ ಯಾರಿಗಾದರೂ ಏನಾದರೂ ಆಗಿದ್ದರೆ, ಆ ಮನೆಯ ಹೆಂಗಸು ಎಷ್ಟು ಆಫೀಸು ಸುತ್ತಬೇಕಾಗುತ್ತಿತ್ತೋ. ಯಾರಿಗೂ ಏನೂ ಆಗಲಿಲ್ಲ.

ಅಷ್ಟರಲ್ಲಿ ನಾನೂ ಒಂದು ಕೆಲಸ ಮಾಡಿದೆ. ನನ್ನ ಪಿಎಫ್ ಎಷ್ಟಾಗಿದೆ ಅಂತ ನೋಡಲು ಹೊರಟು ನಕ್ಕುಬಿಟ್ಟೆ. ನಮ್ಮ ಆಫೀಸಿನಲ್ಲಿ ಇರುವುದೇ ಏಳು ಜನ. ಊರವರ ಪಿಎಫ್ ಚಲನ್ ಮಾಡುವ ನನಗೆ ಪಿಎಫ್ ಇಲ್ಲವೇ ಇಲ್ಲ.

ಕಾಕಾನ ಖಾತೆಗೆ 28ರಲ್ಲಿ 26 ತಿಂಗಳದ್ದು ಬಂದಿದೆ. ಬಾರದ್ದು ಲಕೋಟೆ ಇಲ್ಲದ ಆ ಎರಡು ತಿಂಗಳು. 2017ರ ನವೆಂಬರ್, ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರುವ ಮೊದಲು ಮಿಲ್ಲು ನಿಲ್ಲಿಸಿ ಮಶೀನು ಬಿಚ್ಚಿದ್ದರು. ಆ ಎರಡು ತಿಂಗಳು ಮಿಲ್ಲಿನಲ್ಲಿ ನಿಜಕ್ಕೂ ಬೆವರು ಸುರಿಸಿದ್ದು ಮಿಸ್ತ್ರಿ ಒಬ್ಬರೇ. ಹಾಜರಿ ಪುಸ್ತಕದಲ್ಲಿ ಮಾತ್ರ ‘ಮಿಲ್ ಬಂದ್’ ಅಂತ ಅಡ್ಡಗೆರೆ ಎಳೆದಿದೆ. ಪಗಾರ ಕೊಟ್ಟದ್ದು, ಪಿಎಫ್ ಕಡಿದದ್ದು ಕಾಕಾಗೆ ನೆನಪಿದೆ, ಮುನೀಮರಿಗೆ ನೆನಪಿಲ್ಲ.

“5,280 ಆಗ್ತದ ಕಾಕಾ, ಎರಡೂ ಪಾಲು ಸೇರಿ. ಅರ್ಜಿ ಬರೀಲೇನು?” ಅಂತ ಹೋದ ವರ್ಷ ಕೇಳಿದೆ.

“ಸಾವ್ಕಾರ್ರಿಗೆ ಒಂದ ಮಾತ ಹೇಳೀನಿ. ನೋಡ್ತೀನಿ ಅಂದಾರ” ಅಂದರು. ಹೇಳುತ್ತಲೇ ಮೊಬೈಲ್ ತೆಗೆದು, ಖಾತೆಯಲ್ಲಿ ಎಷ್ಟಿದೆ ಅಂತ ತಿಳಿಸುವ ಪಿಎಫ್ ಇಲಾಖೆಯ 9966044425ಕ್ಕೆ ಮಿಸ್ ಕಾಲ್ ಕೊಟ್ಟರು. ಅವತ್ತು 20ನೇ ತಾರೀಖು. ಪ್ರತಿ ತಿಂಗಳು ಅದೇ ದಿನ ಕೊಡುತ್ತಾರೆ, ಮಿಲ್ಲಿನ ಗೇಟಿನ ಪಕ್ಕದ ಚಾ ಅಂಗಡಿಯಲ್ಲಿ ನಿಂತು, ಸಾವ್ಕಾರ್ರ ಕಾರು ಒಳಗೆ ಹೋದ ಮೇಲೆ. ಎರಡು ರಿಂಗ್ ಆಗಿ ಕಾಲ್ ತಾನೇ ಕಟ್ ಆಯಿತು. ಮೆಸೇಜ್ ಬಂದ ಸದ್ದಿಗೆ ಕಾಕಾ ಕನ್ನಡಕಕ್ಕಾಗಿ ಜೇಬು ತಡಕಿದರು.